ಪೇಜ್‌ಮೇಕರ್ ಬಿಡದ ಅಚ್ಚುಕೂಟ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಊರುಗಳಲ್ಲಿ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಅಚ್ಚು ಹಾಕುವ ಡಿಟಿಪಿ ಕಸುಬು ಬೆಳೆದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ ಮತ್ತು ನುಡಿ, ಶ್ರೀಲಿಪಿ ಎಂಬ ಕನ್ನಡ ಅಕ್ಷರ ತಂತ್ರಾಂಶಗಳ ಆಸರೆಯಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದು ನೆಚ್ಚಿದ್ದ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಆದರೂ ಹೊಸ ಕಂಪ್ಯೂಟರಿನೊಳಗೆ ಹಳೆಯ ವಿಂಡೋಸನ್ನು ವರ್ಚುವಲ್ ಯಂತ್ರವಾಗಿ ಕೂರಿಸಿ ಪೇಜ್‌ಮೇಕರನ್ನೇ ಓಡಿಸುವವರಿದ್ದಾರೆ. ಇದು ಸೋಮಾರಿತನ ಎನ್ನುವವರು ಕಡತದ ಒಳಗೆ ಇಣುಕಿಲ್ಲ. ಹಳೆಯ ನುಡಿಯಲ್ಲಿ ಅಡಗಿರುವುದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಸಂಕೇತ. ಫಾಂಟು ಕಳಚಿದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಕ್ಯೂ ಮುಂತಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಪೇಜ್‌ಮೇಕರ್‌ಗಂತೂ ಯುನಿಕೋಡ್ ತಿಳಿಯದು. ಹೀಗಾಗಿ ತಂತ್ರಾಂಶ ಬಿಟ್ಟರೆ ಇಪ್ಪತ್ತು ವರ್ಷದ ಪುಟಗಳನ್ನೂ ಬಿಟ್ಟಂತೆ.

ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆಯಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಅವು ಪಠ್ಯವನ್ನು ದಾಟಿಸುತ್ತವೆ, ಪುಟವಿನ್ಯಾಸವನ್ನಲ್ಲ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದೂ ಉಂಟು. ಹಾಗೆಂದು ಹಳೆಯ ಯಂತ್ರವನ್ನು ಕಾಯುತ್ತ ಕೂರುವುದೂ ಪರಿಹಾರವಲ್ಲ. ಮೂಡುಬಿದಿರೆಯೇ ಇದಕ್ಕೆ ಸಾಕ್ಷಿ. ಅಲ್ಲಿನ ಬಸದಿಯಲ್ಲಿದ್ದ, ಧವಲಾ ಎಂಬ ಜೈನ ವ್ಯಾಖ್ಯಾನದ ತಾಳೆಯೋಲೆ ಗ್ರಂಥಗಳ ಭಾಷೆ ಪ್ರಾಕೃತ–ಸಂಸ್ಕೃತ, ಲಿಪಿ ಹಳಗನ್ನಡ. ಓಲೆ ಗಟ್ಟಿಯಿದ್ದರೂ ಹೊರಗಿನ ವಿದ್ವಾಂಸರಿಗೆ ಅಕ್ಷರ ಮುಚ್ಚಿದ ಬಾಗಿಲು. 19ನೇ ಶತಮಾನದ ಕೊನೆಯಲ್ಲಿ ನಾಗರಿ ಲಿಪಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. 1939ರಲ್ಲಿ ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಸಂಪುಟ ಅಚ್ಚಾಯಿತು. ಆದರೂ ಮೂಲ ಓಲೆಯನ್ನು ಯಾರೂ ಎಸೆಯಲಿಲ್ಲ. ಹಳೆಯ ಕಡತಗಳಿಗೂ ಇದೇ ದಾರಿ.