ಕಲ್ಯಾಣದ ಪೂಜೋ, ಕುರ್ಲಾದ ಪದ್ಮಿನಿ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಿಂದ ಕಲ್ಯಾಣ್–ಶಿಲ್ ರಸ್ತೆಗೆ ಬಂದರೆ, ಪ್ರೀಮಿಯರ್ ಎಂಬ ಹೆಸರು ಒಂದು ಕಾಲೊನಿಗೂ ಮೈದಾನಕ್ಕೂ ಉಳಿದುಕೊಂಡಿರುವುದು ಕಾಣುತ್ತದೆ. 1990ರ ದಶಕದ ನಡುವೆ ಪ್ರೀಮಿಯರ್ ಆಟೋಮೊಬೈಲ್ಸ್‌ನ ಇಲ್ಲಿನ ಕಾರ್ಖಾನೆಯಿಂದ ಫ್ರಾನ್ಸಿನ ಪೂಜೋ 309 ಕಾರು ಹೊರಬಂತು. 1360 ಸಿಸಿ ಪೆಟ್ರೋಲ್ ಇಲ್ಲವೇ 1527 ಸಿಸಿ ಡೀಸೆಲ್ ಎಂಜಿನ್, ಐದು ಗೇರು, ಮುಂದಿನ ಚಕ್ರಗಳಿಗೆ ಚಾಲನೆ. ಡಿಕ್ಕಿಯ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲೇಳುತ್ತಿದ್ದರೂ ಮನೆಮಂದಿಯ ಕಣ್ಣಿಗೆ ಅದು ಸೆಡಾನೇ ಆಗಿತ್ತು. ಅದೇ ಕಂಪನಿಯ ಕುರ್ಲಾ ಕಾರ್ಖಾನೆಯ ಪದ್ಮಿನಿಗೆ 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ನಾಲ್ಕೇ ಗೇರು. ಆದರೂ 1964ರಲ್ಲಿ ಫಿಯೆಟ್ 1100ಡಿ ಹೆಸರಿನಲ್ಲಿ ಬಂದ ಪದ್ಮಿನಿಯ ಮೈಕಟ್ಟು 2000ದ ಆಸುಪಾಸಿನವರೆಗೆ ತಯಾರಾಯಿತು. 309 ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಸಂಸಾರದ ಕಾರನ್ನು ಬದುಕಿಸುವುದು ಸಿಸಿಯೂ ಅಲ್ಲ, ಗೇರೂ ಅಲ್ಲ. ಅದನ್ನು ಇಲ್ಲೇ ಮಾಡುವ, ಇಲ್ಲೇ ರಿಪೇರಿ ಮಾಡುವ ನೆಲೆ ಎಂಬುದು ನನ್ನ ವಾದ.

ಈ ವಿಚಾರವನ್ನು ಮೊದಲು ಗಟ್ಟಿಯಾಗಿ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆಯನ್ನು ಅವರು 1930ರ ದಶಕದಲ್ಲೇ ಸಿದ್ಧಪಡಿಸಿದ್ದರು. ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಮುಂದಕ್ಕೆ ಒಯ್ದರು. ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನವೂ ನಡೆಯಿತು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಹುಟ್ಟಿತು. ಕುರ್ಲಾದಲ್ಲಿ ಮೊದಲು ಕ್ರೈಸ್ಲರ್ ಬಳಗದ ಕಾರುಗಳ ಜೋಡಣೆ. 1953ರಲ್ಲಿ ಸುಂಕ ಆಯೋಗದ ಶಿಫಾರಸು ಬಂತು: ಬರೀ ಜೋಡಿಸುವವರು ಬೇಡ, ಬಿಡಿಭಾಗಗಳನ್ನೂ ಇಲ್ಲಿ ಮಾಡುವವರು ಮಾತ್ರ ಇರಲಿ. ಜನರಲ್ ಮೋಟಾರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಉಳಿಯಿತು, 1954ರಿಂದ ಫಿಯೆಟ್ 1100 ತಯಾರಿಸಿತು. ಮರಾಠಿ ಮನೆಗಳಲ್ಲಿ ಡುಕ್ಕರ್ ಫಿಯೆಟ್ ಎಂದು ಕರೆಸಿಕೊಂಡ, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿದ್ದ ಕಾರು ಅದೇ.

ಪದ್ಮಿನಿಯನ್ನು ಹತ್ತಿರದಿಂದ ನೋಡಬೇಕು. ಗೇರಿನ ಕೋಲು ಸ್ಟೀರಿಂಗಿನ ಕಂಬಕ್ಕೆ ಸೇರಿಕೊಂಡಿತ್ತು. ಹಾಗಾಗಿ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಡ್ರೈವರ್ ಪಕ್ಕದಲ್ಲಿ ಗಂಡಹೆಂಡತಿ ಇಬ್ಬರೂ ಕೂರಬಹುದಿತ್ತು, ಹಿಂದೆ ಮಕ್ಕಳು, ಅಜ್ಜಿ. ಬಾನೆಟ್ ಎತ್ತಿದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇದ್ದವು. ನಾಲ್ಕಾರು ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ರಸ್ತೆ ಬದಿಯಲ್ಲೇ ಪಾಯಿಂಟು ಸರಿಮಾಡಿ ಕಳಿಸುತ್ತಿದ್ದ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು: ಹಳೆಯದು ನಿಜ, ಆದರೆ ಎಲ್ಲ ಊರಿನ ಗ್ಯಾರೇಜಿಗೂ ಗೊತ್ತಿದ್ದ ಹಳೆಯದು.

ಇದಕ್ಕೆ ಸಿದ್ಧವಾದ ಆಕ್ಷೇಪ ಒಂದಿದೆ: ಬೇರೆ ಕಾರೇ ಸಿಗದಿದ್ದ ಕಾಲದಲ್ಲಿ ಪದ್ಮಿನಿ ಬದುಕಿದ್ದರಲ್ಲಿ ಏನು ಹೆಚ್ಚುಗಾರಿಕೆ? ಆಕ್ಷೇಪ ಅರ್ಧ ನ್ಯಾಯವಾದದ್ದು. ಲೈಸೆನ್ಸ್ ಕಾಲದಲ್ಲಿ ಪೈಪೋಟಿ ಇರಲಿಲ್ಲ. ಕೊಳ್ಳುವವರು ವರ್ಷಗಟ್ಟಲೆ ಕಾಯುತ್ತಿದ್ದರು, ಕಂಪನಿಗೆ ಕಾರು ಸುಧಾರಿಸುವ ಒತ್ತಡವೂ ಇರಲಿಲ್ಲ. ಆ ಆಲಸ್ಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ 1983ರಲ್ಲಿ ಮಾರುತಿ ಬಂದ ಮೇಲೂ ಮುಂಬಯಿಯ ಟ್ಯಾಕ್ಸಿಯವರು ಪದ್ಮಿನಿಯನ್ನು ಬಿಡಲಿಲ್ಲ. 2003ರ ಅಕ್ಟೋಬರಿನಲ್ಲಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, 20 ವರ್ಷದ ಮಿತಿ ಮುಗಿಯುವ 2023ರ ಅಕ್ಟೋಬರಿನವರೆಗೆ ಓಡಿತು. ಹೊಸ ಕಾರಿಗೆ ದುಡ್ಡಿಲ್ಲದೆ ಹಾಗೆ ಓಡಿಸಿದವರು ಹಲವರಿರಬಹುದು. ಆದರೆ ತಯಾರಿಕೆ ನಿಂತ ಕಾರನ್ನು ದಿನದ ದುಡಿಮೆಗೆ ನಂಬಬೇಕಾದರೆ ಅದರ ಭಾಗಗಳು ಬಜಾರಿನಲ್ಲಿ ಸಿಗಲೇಬೇಕು.

309ರ ಸೋಲಿಗೆ ಕಾರ್ಮಿಕರ ಮುಷ್ಕರವೇ ಕಾರಣ ಎನ್ನುವವರಿದ್ದಾರೆ. ಮುಷ್ಕರ ಪೆಟ್ಟು ಕೊಟ್ಟಿದ್ದು ಹೌದು. ಆದರೆ ಒಂದೇ ಕಂಪನಿ ಆ ಹೊತ್ತಿಗೆ ಪದ್ಮಿನಿ, ಹಳೆಯ ಫಿಯೆಟ್ 124ರ ಮೈಗೆ ನಿಸಾನ್ ಎಂಜಿನ್ ಕೂರಿಸಿದ 118 ಎನ್ಇ, ಪೂಜೋ, ಅದರ ಮೇಲೆ ಫಿಯೆಟ್ ಜೊತೆ ಹೊಸ ಒಪ್ಪಂದದ ಉನೋ, ಇಷ್ಟನ್ನೂ ಮೈಮೇಲೆ ಎಳೆದುಕೊಂಡಿತ್ತು. ಬುಕಿಂಗ್ ರಾಶಿ ಬಿತ್ತು, ಕಾರು ಬರಲಿಲ್ಲ. ಇಲ್ಲಿ ಇನ್ನೂ ಬೇರು ಬಿಡದ ತಯಾರಿಕೆಗೆ ಒಂದು ಮುಷ್ಕರವೂ ದೊಡ್ಡದೇ. 1997ರಲ್ಲಿ ಪೂಜೋ ಹೊರಟುಹೋಯಿತು. ಅದೇ ಬಳಗ 2021ರಲ್ಲಿ ಸಿಟ್ರೊಯೆನ್ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ಮರಳುವ ಹೊತ್ತಿಗೆ, ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಾರ್ಖಾನೆಯನ್ನು ಕಟ್ಟಿಕೊಂಡಿತ್ತು.