ಪ್ರಾಕ್ಸಿಮ: ಹೆಸರಿನಲ್ಲೇ ಸಾಮೀಪ್ಯ

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮ ಸೆಂಟಾರಿ ಎಂಬುದನ್ನು ನೀವು ಓದಿರುತ್ತೀರಿ. ಆ ಹೆಸರಿನ ಅರ್ಥವೂ ಅದೇ. ಲ್ಯಾಟಿನ್ ಭಾಷೆಯ ಪ್ರೊಪೆ, ಪ್ರೊಪಿಯರ್, ಪ್ರಾಕ್ಸಿಮಸ್ ಪದಗಳು ನಮ್ಮ ಸಮೀಪ, ಸಮೀಪತರ, ಸಮೀಪತಮ ಇದ್ದಂತೆ. ನಕ್ಷತ್ರವನ್ನು ಸೂಚಿಸುವ 'ಸ್ಟೆಲ್ಲ' ಅಲ್ಲಿ ಸ್ತ್ರೀಲಿಂಗ, ಹಾಗಾಗಿ ಪ್ರಾಕ್ಸಿಮ. ಗಣಿತದ 'ಅಪ್ರಾಕ್ಸಿಮೇಷನ್', ಅಂಗರಚನಾಶಾಸ್ತ್ರದ 'ಪ್ರಾಕ್ಸಿಮಲ್' ಇದೇ ಮೂಲದವು. (ಹಾಜರಿ ಹೇಳುವಾಗಿನ 'ಪ್ರಾಕ್ಸಿ' ಮಾತ್ರ ಅಲ್ಲ! ಅದು ಪ್ರಾತಿನಿಧ್ಯ ಎಂಬರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದದ್ದು.)

ಜೊಹಾನ್ಸ್‌ಬರ್ಗ್‌ನ ಯೂನಿಯನ್ ವೀಕ್ಷಣಾಲಯದ ರಾಬರ್ಟ್ ಇನ್ನೆಸ್ 1915ರಲ್ಲಿ ಈ ಮಂದ ನಕ್ಷತ್ರವನ್ನು ಪತ್ತೆ ಮಾಡಿದರು. ಆಲ್ಫ ಸೆಂಟಾರಿಯ ಜೊತೆಜೊತೆಗೇ ಇದೂ ಆಕಾಶದಲ್ಲಿ ಸರಿಯುತ್ತಿತ್ತು. 1917ರಲ್ಲಿ ಅವರು ಈ ಹೆಸರನ್ನು ಸೂಚಿಸಿದರು. ಬರೀ 'ಹತ್ತಿರದ್ದು' ಎಂದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. 'ಸಮೀಪತಮ' ಎನ್ನಲು ಆಗಿನ ಅಳತೆಗಳ ನಿಖರತೆ ಸಾಲದು. ಹೆಸರು ಪುರಾವೆಗಿಂತ ಮುಂದೆ ನಡೆದಿತ್ತು ಎನ್ನಬೇಕು. 1928ರಲ್ಲಿ ಹೆರಾಲ್ಡ್ ಆಲ್ಡೆನ್ ಅವರ ಪ್ಯಾರಲಾಕ್ಸ್ ಅಳತೆ ಅದನ್ನು ದೃಢಪಡಿಸಿತು. ಇಂದಿನ ಲೆಕ್ಕದಲ್ಲಿ ಪ್ರಾಕ್ಸಿಮದ ದೂರ 4.24 ಜ್ಯೋತಿರ್ವರ್ಷ, ಆಲ್ಫದ್ದು ಸುಮಾರು 4.37.

ಆದರೆ ನಕ್ಷತ್ರಗಳು ನಿಂತಲ್ಲಿ ನಿಲ್ಲುವುದಿಲ್ಲ. 30 ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ರಾಸ್ 248 ಎಂಬ ನಕ್ಷತ್ರ ಇದಕ್ಕಿಂತ ನಮಗೆ ಹತ್ತಿರವಾಗಲಿದೆ. ಆಗ 'ಪ್ರಾಕ್ಸಿಮ' ಎಂಬುದು ಕೇವಲ ಅಂಕಿತನಾಮ.