ಖಾತರಿ ಗಂಟೆಗಳು ಮತ್ತು ಅವನ್ನು ಬಿಟ್ಟುಕೊಡುವ ರೂಢಿ

ಕೆಲಸಕ್ಕೆ ಕರೆದ ದಿನ ಇಂತಿಷ್ಟು ಗಂಟೆಯ ಕೂಲಿಯನ್ನಾದರೂ ಕೊಡಲೇಬೇಕೆಂದು ಕಾರ್ಮಿಕ ಸಂಘ ಮಾಲೀಕರಿಂದ ಬರೆಸಿಕೊಂಡ ಕರಾರೇ ಖಾತರಿ ಗಂಟೆ. ಕೆಲಸ ಬೇಗ ಮುಗಿದರೂ ಆ ಕೂಲಿ ಕಡಿಮೆಯಾಗದು. ಕಾರ್ಮಿಕ ತಾನಾಗಿಯೇ ಮೊದಲು ಹೊರಟರೆ ಮಾತ್ರ ದುಡಿದಷ್ಟಕ್ಕೇ ಕೂಲಿ. ಹೀಗೆ ಖಾತರಿಯನ್ನು ಬಿಟ್ಟು ಮನೆಗೆ ಹೋಗುವ ರೂಢಿ ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನ ಗೋದಾಮುಗಳಲ್ಲಿ ಎದ್ದು ಕಾಣುತ್ತದೆ.

1907ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಈ ಕಂಪನಿಯ ಕಾರ್ಮಿಕರು ಟೀಮ್‌ಸ್ಟರ್ಸ್ ಸಂಘದ ಸದಸ್ಯರು. ಸಂಘ 2023ರಲ್ಲಿ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದ ವೇಳೆಗೆ ಅವರ ಸಂಖ್ಯೆ ಸುಮಾರು 3,40,000. ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕರು. ಸಂಜೆ, ನಡುರಾತ್ರಿ ಅಥವಾ ನಸುಕಿನ ಪಾಳಿಯಲ್ಲಿ ಲಾರಿಗಳಿಂದ ಪಾರ್ಸೆಲ್ ಇಳಿಸಿ, ವಿಂಗಡಿಸಿ, ಬೇರೆ ಲಾರಿಗಳಿಗೆ ತುಂಬುವುದು ಇವರ ಕೆಲಸ. ಇವರಿಗೆ ದಿನಕ್ಕೆ ಮೂರೂವರೆ ಗಂಟೆ ಖಾತರಿ, ಪೂರ್ಣಕಾಲಿಕರಿಗೆ 8 ಗಂಟೆ.

ಸರಕು ಕಡಿಮೆ ಬಂದ ದಿನ ಮೇಲ್ವಿಚಾರಕರು ಸಾಲಿನುದ್ದಕ್ಕೂ ಬಂದು 'ಯಾರು ಮನೆಗೆ ಹೋಗುತ್ತೀರಿ?' ಎಂದು ಕೇಳುತ್ತಾರೆ. ಕೈಯೆತ್ತುವವರಿಗೆ ಅವರದೇ ಕಾರಣಗಳಿರುತ್ತವೆ: ಬೆಳಗಿನ ಕಾಲೇಜು, ಇನ್ನೊಂದು ಕಡೆಯ ನೌಕರಿ, ಮನೆಯಲ್ಲಿ ಎಳೆಯ ಮಗು, ಬೇಸಿಗೆಯಲ್ಲಿ ಕಾದ ಲಾರಿಯೊಳಗಿನ ಸೆಕೆ. ಇವುಗಳಲ್ಲಿ ಯಾವುದನ್ನೂ ಸೋಮಾರಿತನ ಎನ್ನಲಾಗದು. ಆದರೆ ನಷ್ಟ ಸಣ್ಣದಲ್ಲ. 2023ರ ಒಪ್ಪಂದದಲ್ಲಿ ಅರೆಕಾಲಿಕರ ಆರಂಭಿಕ ಕೂಲಿ ಗಂಟೆಗೆ 21 ಡಾಲರ್. ಮೂರೂವರೆ ಗಂಟೆಗೆ ಅದು 73.50 ಡಾಲರ್ ಆಗುತ್ತದೆ. ಎರಡೇ ಗಂಟೆ ದುಡಿದು ಹೊರಟವನಿಗೆ ಸಿಗುವುದು 42 ಡಾಲರ್. ಹಲವು ಪಿಂಚಣಿ ಯೋಜನೆಗಳು ಸೇವೆಯನ್ನು ಗಂಟೆಗಳಲ್ಲೇ ಎಣಿಸುವುದರಿಂದ ಪೆಟ್ಟು ಅಲ್ಲಿಗೂ ತಟ್ಟಬಹುದು.

ಉಳಿದವರ ಪಾಲಿಗೆ ಇದು ಇನ್ನೂ ಕಷ್ಟ. ಹತ್ತು ಜನರ ಹೊರೆ ಏಳು ಜನರ ಮೇಲೆ ಬೀಳುತ್ತದೆ. ಕೆಲವೆಡೆ ಮೇಲ್ವಿಚಾರಕರೇ ಪಾರ್ಸೆಲ್ ಎತ್ತಲು ಇಳಿಯುತ್ತಾರೆ. ಒಪ್ಪಂದ ಅದನ್ನು ನಿಷೇಧಿಸಿದೆ. ದೂರು ಸಾಬೀತಾದರೆ ಆ ಕೆಲಸ ಸಿಗಬೇಕಾಗಿದ್ದ ಕಾರ್ಮಿಕನಿಗೆ ಇಮ್ಮಡಿ ಕೂಲಿ ಸಲ್ಲಬೇಕು. ಹೋಗಲು ಮನಸ್ಸಿಲ್ಲದ ಹೊಸಬನಿಗೆ ಮೇಲ್ವಿಚಾರಕನ ಕೋರಿಕೆ ಅಪ್ಪಣೆಯಂತೆಯೇ ಕೇಳಿಸುತ್ತದೆ ಎಂಬುದನ್ನೂ ಮರೆಯಬಾರದು. ಆದ್ದರಿಂದಲೇ 'ನನಗೆ ನನ್ನ ಗಂಟೆಗಳು ಬೇಕು' ಎಂದು ಬಾಯಿಬಿಟ್ಟು ಹೇಳಿ ಎಂದು ಸಂಘದ ಕಾರ್ಯಕರ್ತರು ಹೊಸಬರಿಗೆ ಹೇಳಿಕೊಡುತ್ತಾರೆ.

ಖಾತರಿ ಒಬ್ಬೊಬ್ಬರ ಸ್ವತ್ತೋ, ಎಲ್ಲರದೋ? ಕೃಷಿ ಯಂತ್ರ ತಯಾರಕ ಜೆ.ಐ. ಕೇಸ್ ಕಂಪನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ ಸ್ಪಷ್ಟ ಉತ್ತರ ಕೊಟ್ಟಿತು: ಸಾಮೂಹಿಕ ಒಪ್ಪಂದದ ಸವಲತ್ತುಗಳನ್ನು ಒಬ್ಬೊಬ್ಬರೊಡನೆ ಮಾಡಿಕೊಂಡ ಕರಾರಿನಿಂದ ಅಳಿಸಿಹಾಕುವಂತಿಲ್ಲ. ಒಂದು ದಿನ ಬೇಗ ಹೊರಡುವುದಕ್ಕೆ ಈ ತೀರ್ಪು ಅಡ್ಡಿಯಲ್ಲ. ಕಾರ್ಮಿಕ ನಿಜವಾಗಿ ತಾನೇ ಬಯಸಿ ಹೋದನೇ ಎಂಬುದರ ಮೇಲೆ ವಿವಾದ ನಿಲ್ಲುತ್ತದೆ.

ಅರೆಕಾಲಿಕ ದುಡಿಮೆಯ ವಿರುದ್ಧ ಯುಪಿಎಸ್ ಕಾರ್ಮಿಕರ ಇದೇ ಸಂಘ 1997ರ ಆಗಸ್ಟ್‌ನಲ್ಲಿ 15 ದಿನ ಮುಷ್ಕರ ಹೂಡಿತ್ತು. 1,85,000 ಜನ ಹೊರಬಂದರು, 10,000 ಪೂರ್ಣಕಾಲಿಕ ಹುದ್ದೆಗಳ ಭರವಸೆ ಸಿಕ್ಕಿತು. ಅಷ್ಟು ಹೋರಾಡಿದವರ ಗೋದಾಮಿನಲ್ಲೇ ಖಾತರಿ ಗಂಟೆಗಳು ದಿನದಿನವೂ ಸೋರಿಹೋಗುವುದು ನೋವಿನ ಸಂಗತಿ. ಚಾಲಕರ ಸ್ಥಿತಿಯಂತೂ ಇದಕ್ಕೆ ತದ್ವಿರುದ್ಧ. ಅವರ ದುಡಿಮೆ ಉದ್ದವಾಗುತ್ತದೆ; ದಿನದ ಕೆಲಸ ಎಂಟು ಗಂಟೆಗಳಲ್ಲಿ ಮುಗಿಯಲಿ ಎಂದು ಅವರು ಮೊದಲೇ ಅರ್ಜಿ ಕೊಡಬೇಕು.

ಭಾರತದ ಕಾನೂನಿನಲ್ಲಿ ಇದನ್ನು ಹೋಲುವ ಏರ್ಪಾಡು, ಮಾಲೀಕ ಕೆಲಸ ಕೊಡಲಾಗದ ದಿನಗಳಿಗೆ ಸಲ್ಲುವ ಲೇ-ಆಫ್ ಪರಿಹಾರ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಿಸಿತು. ನಿಗದಿತ ಹೊತ್ತಿಗೆ ಹಾಜರಾಗದವರಿಗೆ, ಬದಲಿ ಕೆಲಸ ನಿರಾಕರಿಸಿದವರಿಗೆ ಅದು ಸಿಗುತ್ತಿರಲಿಲ್ಲ.

ಬೇಗ ಹೋಗುವ ಅವಕಾಶ ಇರಲಿ. ಆದರೆ ಅದನ್ನು ಕೇಳುವವನು ಕಾರ್ಮಿಕನಾಗಿರಬೇಕು, ಮೇಲ್ವಿಚಾರಕನಲ್ಲ.